ಸಂಘದ ಲೇಔಟ್‌ನ 11 ಎಕರೆ ತನ್ನದು ಅಂತ ಡೆವಲಪರ್ ಬೇಲಿ ಹಾಕಿದ್ದಾರೆ, ಹಂಚಿಕೆ ಪತ್ರ ಇರುವವರು ಏನು ಮಾಡಬೇಕು?

ಆನೇಕಲ್ ಸದಸ್ಯೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತಂದೆ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ನೌಕರರದ್ದೇ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಇದೆ. 2008ರಲ್ಲಿ ಸಂಘದವರು ಒಬ್ಬ ಡೆವಲಪರ್ ಜೊತೆ ಕರಾರು ಮಾಡಿಕೊಂಡರು. ಆನೇಕಲ್ ತಾಲ್ಲೂಕಿನಲ್ಲಿ 42 ಎಕರೆ ಜಮೀನು ರೈತರಿಂದ ಕೊಡಿಸಿ, ಕನ್ವರ್ಶನ್ (ಕೃಷಿ ಜಮೀನನ್ನು ವಸತಿಗೆ ಬದಲಿಸುವುದು) ಮಾಡಿಸಿ, ಪ್ಲಾನ್ ಪಾಸ್ ಮಾಡಿಸಿ, ರಸ್ತೆ, ಚರಂಡಿ, ನೀರು, ಕರೆಂಟು ಎಲ್ಲ ಹಾಕಿ ಸಂಘಕ್ಕೆ ಒಪ್ಪಿಸಬೇಕು ಅಂತ ಕರಾರು. 31 ಎಕರೆ ಸಂಘದ ಹೆಸರಿಗೆ ಕ್ರಯ ಆಗಿದೆ. ಅಲ್ಲಿ ಸೈಟ್ ರಿಜಿಸ್ಟರ್ ಮಾಡಿಸಿಕೊಂಡವರು ಮನೆ ಕಟ್ಟಿ ಇದ್ದಾರೆ. ಉಳಿದ 11 ಎಕರೆಯನ್ನು ಎರಡನೇ ಹಂತ ಅಂತ ಕರೆಯುತ್ತಾರೆ. ಅದರಲ್ಲಿ ಸುಮಾರು 130 ಜನರಿಗೆ ಹಂಚಿಕೆ ಪತ್ರ ಕೊಟ್ಟಿದ್ದಾರೆ, ತಂದೆಯೂ ಅದರಲ್ಲಿ ಒಬ್ಬರು. ಪೂರ್ತಿ ಹಣ ಕಟ್ಟಿದ್ದಾರೆ, ರಸೀದಿ ಎಲ್ಲ ಇದೆ.

ಕಳೆದ ವರ್ಷ ಮಾರ್ಚ್‌ನಲ್ಲಿ ಡೆವಲಪರ್ ಸಂಘಕ್ಕೆ ಪತ್ರ ಬರೆದರಂತೆ. ಸಂಘ ಕೊಡಬೇಕಾದ ಬಾಕಿ ಕೊಟ್ಟಿಲ್ಲ, ಆದ್ದರಿಂದ ಕರಾರು ರದ್ದಾಗಿದೆ, 11 ಎಕರೆ ನಮ್ಮ ಸ್ವಂತ ಆಸ್ತಿ ಅಂತ. ಈಗ ಅಲ್ಲಿ ತಗಡಿನ ಬೇಲಿ ಹಾಕಿ, ಅಪಾರ್ಟ್‌ಮೆಂಟ್ ಬರುತ್ತದೆ ಅಂತ ಬೋರ್ಡ್ ನಿಲ್ಲಿಸಿದ್ದಾರೆ. ಆಡಳಿತ ಮಂಡಳಿಯವರನ್ನು ಕೇಳಿದರೆ ಮಾತುಕತೆ ನಡೀತಿದೆ ಅನ್ನುತ್ತಾರೆ, ಒಂದು ವರ್ಷದಿಂದ ಅದೇ ಮಾತು. ಈ ನಡುವೆ ಡೆವಲಪರ್ ಆಫೀಸಿನಿಂದ ಸದಸ್ಯರಿಗೆ ಒಬ್ಬೊಬ್ಬರಿಗೇ ಫೋನ್ ಬರುತ್ತಿದೆ. ಕಟ್ಟಿದ ಹಣ ಬಡ್ಡಿ ಸಮೇತ ಕೊಡುತ್ತೇವೆ, ಒಂದು ಪತ್ರಕ್ಕೆ ಸಹಿ ಹಾಕಿ ಅಂತ.

ತಂದೆಗೆ ಈಗ ವಯಸ್ಸಾಗಿದೆ. ಈ ಸೈಟ್ ಬಿಟ್ಟರೆ ಅವರ ಹೆಸರಲ್ಲಿ ಬೇರೆ ಏನೂ ಇಲ್ಲ. ನಮ್ಮ ಹತ್ತಿರ ಇರುವ ಹಂಚಿಕೆ ಪತ್ರಕ್ಕೆ ಬೆಲೆ ಇದೆಯಾ? ಯಾರ ಮೇಲೆ ಕೇಸ್ ಹಾಕಬೇಕು, ಸಂಘದ ಮೇಲಾ, ಡೆವಲಪರ್ ಮೇಲಾ?

ಹಳೇ ಕಾರ್ಯದರ್ಶಿ:

ಮೇಡಂ, ನಾನು ಬೇರೊಂದು ಗೃಹ ನಿರ್ಮಾಣ ಸಂಘದಲ್ಲಿ ತುಂಬಾ ವರ್ಷ ಕಾರ್ಯದರ್ಶಿ ಆಗಿದ್ದವನು. ಮೊದಲು ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹಂಚಿಕೆ ಪತ್ರ ಜಾಗದ ಹಕ್ಕುಪತ್ರ ಅಲ್ಲ. ಸಂಘದ ಮೇಲೆ ನಿಮಗೆ ಹಕ್ಕು ಇದೆ ಅನ್ನುವುದಕ್ಕೆ ಅದು ಸಾಕ್ಷಿ. ಸಂಘಕ್ಕೇ ಜಮೀನು ಬಂದಿಲ್ಲ ಅಂದರೆ, ಆ ಪತ್ರ ಹಿಡಿದುಕೊಂಡು ಹೋಗಿ ಬೇಲಿ ಕೀಳಿಸಲು ಆಗುವುದಿಲ್ಲ. ಹಾಗಂತ ಅದು ಬರೀ ಕಾಗದ ಅಂತ ಎಸೆಯಬೇಡಿ, ಮುಂದೆ ಎಲ್ಲ ಕಡೆ ಅದೇ ಬೇಕು.

ಡೆವಲಪರ್ ಹೆಸರು ಈ ಜಮೀನಿನ ಮಧ್ಯೆ ಯಾಕೆ ಬಂತು ಅಂತ ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಆಗ ಭೂ ಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಂ ಇತ್ತು. ವ್ಯವಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ, 79ಬಿ ಪ್ರಕಾರ ಸಹಕಾರ ಸಂಘಗಳೂ ಕೃಷಿ ಜಮೀನು ಇಟ್ಟುಕೊಳ್ಳುವ ಹಾಗಿರಲಿಲ್ಲ. 2020ರಲ್ಲಿ ಅವನ್ನು ತೆಗೆದರು, ಆದರೆ ನಿಮ್ಮ ಕರಾರು 2008ರದ್ದು. ಆದ್ದರಿಂದ ಸಾಮಾನ್ಯವಾಗಿ ಏನು ಮಾಡುತ್ತಿದ್ದರು ಅಂದರೆ, ಡೆವಲಪರ್ ರೈತರ ಹತ್ತಿರ ಅಗ್ರಿಮೆಂಟು ಮತ್ತು ಜಿಪಿಎ (ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಮಾಡಿಸಿಕೊಳ್ಳುವುದು, ರೈತರ ಹೆಸರಲ್ಲೇ ಡಿಸಿ ಹತ್ತಿರ ಕನ್ವರ್ಶನ್ ಮಾಡಿಸುವುದು, ಕನ್ವರ್ಶನ್ ಆದ ಮೇಲೆ ಜಿಪಿಎ ಹೋಲ್ಡರ್ ಆಗಿ ಸಂಘಕ್ಕೆ ಕ್ರಯ ಮಾಡಿಕೊಡುವುದು. ಈ ಮಧ್ಯದ ಸಮಯದಲ್ಲಿ ಹಣ ಎಲ್ಲ ಸಂಘದ್ದು, ಕಾಗದ ಎಲ್ಲ ಡೆವಲಪರ್ ಕೈಯಲ್ಲಿ. ನಿಮ್ಮ 31 ಎಕರೆ ಆ ದಾರಿ ದಾಟಿ ಬಂದಿದೆ. 11 ಎಕರೆ ಮಧ್ಯದಲ್ಲೇ ನಿಂತಿದೆ.

ಈಗ 11 ಎಕರೆ ಅಂತ ಒಟ್ಟಿಗೆ ಮಾತಾಡುವುದನ್ನು ನಿಲ್ಲಿಸಿ. ಅದರಲ್ಲಿ ಎಷ್ಟು ಸರ್ವೆ ನಂಬರ್ ಇದೆ, ಯಾವ ಹಿಸ್ಸಾ, ಎಷ್ಟು ಗುಂಟೆ ಅಂತ ಪಟ್ಟಿ ಮಾಡಿ. ಒಂದೊಂದಕ್ಕೂ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಕನ್ವರ್ಶನ್ ಆದೇಶ, ಇಸಿ (ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ) ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚಿನ ಇಸಿ ಸಿಗುತ್ತದೆ, ನಿಮ್ಮ ವಿಷಯಕ್ಕೆ ಅಷ್ಟು ಸಾಕು. ಅದಕ್ಕಿಂತ ಹಳೆಯದು ಬೇಕಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಬೇಕು. ಇಸಿ ಬಂದ ಮೇಲೆ ಜಮೀನು ಬೇರೆ ಬೇರೆ ಗುಂಪಾಗಿ ಒಡೆಯುತ್ತದೆ ನೋಡಿ. ಕೆಲವು ಇನ್ನೂ ರೈತರ ಹೆಸರಲ್ಲೇ ಇರಬಹುದು. ಕೆಲವನ್ನು ಡೆವಲಪರ್ ತನ್ನ ಹೆಸರಿಗೋ, ತನ್ನ ಮನೆಯವರ ಹೆಸರಿಗೋ ಕ್ರಯ ಮಾಡಿಕೊಂಡಿರಬಹುದು. ಕೆಲವನ್ನು ಬ್ಯಾಂಕಿಗೆ ಅಡವಿಟ್ಟಿರಬಹುದು. ಒಂದೊಂದಕ್ಕೂ ದಾರಿ ಬೇರೆ.

ಇನ್ನೊಂದು, ಸರ್ವೆ ಸ್ಕೆಚ್ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ನೋಡುವಾಗ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ ನೋಡಿ. ಬಿ ಖರಾಬು ಅಂದರೆ ಹಳ್ಳ, ದಾರಿ, ಕಾಲುವೆ ಇಂಥ ಸಾರ್ವಜನಿಕ ಜಾಗ. ಅದನ್ನು ರೈತರೂ ಮಾರಲು ಬರುವುದಿಲ್ಲ, ಡೆವಲಪರ್‌ಗೂ ಇಲ್ಲ, ಸಂಘಕ್ಕೂ ಇಲ್ಲ. ಅದನ್ನೂ ಸೇರಿಸಿಕೊಂಡು ಸೈಟ್ ಹಂಚಿರುವ ಲೇಔಟ್‌ಗಳಿವೆ.

ಕೊನೆಯದು ಹಣ. ಸಂಘದ ವಾರ್ಷಿಕ ವರದಿ ಮತ್ತು ಆಡಿಟ್ ವರದಿ 2008ರಿಂದ ಈಚಿನವು ಎಲ್ಲ ತೆಗೆಯಿರಿ. ಡೆವಲಪರ್‌ಗೆ ಯಾವ ವರ್ಷ ಎಷ್ಟು ಹೋಗಿದೆ, ಯಾವ ಜಮೀನಿನ ಲೆಕ್ಕಕ್ಕೆ ಹೋಗಿದೆ ಅಂತ. ಬಾಕಿ ಇದೆ ಅನ್ನುವ ಅವರ ಮಾತು ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ. ಆಡಳಿತ ಮಂಡಳಿ ಕೊಡುವುದಿಲ್ಲ ಅಂದರೆ ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರಿಗೆ ಬರೆದು ಕೇಳಿ. ಬಾಯಲ್ಲಿ ಕೇಳಬೇಡಿ, ಬರೆದೇ ಕೇಳಿ, ಸ್ವೀಕೃತಿ ಹಾಕಿಸಿಕೊಳ್ಳಿ.

ಜಯನಗರದವರು:

2011ರಲ್ಲೇ ಸುಪ್ರೀಂ ಕೋರ್ಟ್ ಜಿಪಿಎ ಮೇಲೆ ಮಾರಾಟ ನಡೆಯುವುದಿಲ್ಲ ಅಂತ ಹೇಳಿದೆ, ಅಲ್ವಾ? ಹಾಗಾದರೆ ಡೆವಲಪರ್ ಹತ್ತಿರ ಇರುವ ಜಿಪಿಎಗೆ ಬೆಲೆಯೇ ಇಲ್ಲ. ಪೊಲೀಸರಿಗೆ ದೂರು ಕೊಟ್ಟು ಬೇಲಿ ತೆಗೆಸಿ, ಇಷ್ಟೊಂದು ಸುತ್ತಾಟ ಯಾಕೆ?

ವಕೀಲಿ ವೃತ್ತಿ:

ಮೇಲಿನ ಮಾತು ತುಂಬಾ ಜನ ಹೇಳುತ್ತಾರೆ, ಅದನ್ನು ನಂಬಿ ಹೋದರೆ ತೊಂದರೆ ಆಗುತ್ತದೆ. 2011ರ ಆ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು ಏನು ಅಂದರೆ, ಅಗ್ರಿಮೆಂಟು, ಜಿಪಿಎ, ವಿಲ್ ಮೂರನ್ನೂ ಮಾಡಿಸಿಕೊಂಡು ಅದನ್ನೇ ಕ್ರಯ ಅಂದುಕೊಂಡರೆ ಮಾಲೀಕತ್ವ ಬರುವುದಿಲ್ಲ ಅಂತ. ನೋಂದಣಿಯಾದ ಕ್ರಯಪತ್ರವೇ ಬೇಕು. ಅದೇ ತೀರ್ಪಿನಲ್ಲಿ, ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಮಾಡಲು ಡೆವಲಪರ್‌ಗೆ ಕೊಟ್ಟ ನಿಜವಾದ ಜಿಪಿಎಗೆ ಈ ಮಾತು ತಾಗುವುದಿಲ್ಲ ಅಂತಲೂ ಬರೆದಿದ್ದಾರೆ. ಈ ಎರಡನೇ ಭಾಗವನ್ನು ಯಾರೂ ಹೇಳುವುದಿಲ್ಲ. ಅದು ಇಲ್ಲದಿದ್ದರೆ ಮೇಡಂ ಅವರ 31 ಎಕರೆಯ ಕ್ರಯವೂ ಅಲ್ಲಾಡುತ್ತಿತ್ತು, ಅದೂ ಜಿಪಿಎ ಮೂಲಕವೇ ಬಂದಿರುವುದು ತಾನೇ.

ಪೊಲೀಸರು ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅನ್ನುತ್ತಾರೆ. ಮೋಸದ ದೂರು ಬೇರೆ ಕೊಡಬಹುದು, ಆದರೆ ಅದರಿಂದ ಜಮೀನು ಬರುವುದಿಲ್ಲ.

ಈಗ ಮೇಡಂ ಕೇಳಿದ ಪ್ರಶ್ನೆ, ಯಾರ ಮೇಲೆ ಕೇಸ್. ಇಲ್ಲಿ ಎರಡು ಜಗಳ ಇದೆ, ಎರಡನ್ನೂ ಒಂದೇ ಅಂದುಕೊಂಡು ಜನ ತಪ್ಪು ಬಾಗಿಲು ತಟ್ಟುತ್ತಾರೆ. ಸದಸ್ಯರಿಗೂ ಸಂಘಕ್ಕೂ ಇರುವ ಜಗಳ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಂ ಪ್ರಕಾರ ನಿಬಂಧಕರ ಮುಂದೆ ಹೋಗುತ್ತದೆ. ಡೆವಲಪರ್ ಸಂಘದ ಸದಸ್ಯ ಅಲ್ಲ, ಹೊರಗಿನವರು. ಅವರಿಗೂ ಸಂಘಕ್ಕೂ ಇರುವ ಜಗಳ ಸಿವಿಲ್ ಕೋರ್ಟಿಗೋ, ಕರಾರಿನಲ್ಲಿ ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಮಾನ) ಕಲಂ ಇದ್ದರೆ ಅಲ್ಲಿಗೋ ಹೋಗಬೇಕು. 70ರಲ್ಲಿ ಅರ್ಜಿ ಹಾಕಿ ಡೆವಲಪರ್‌ನನ್ನೂ ಪಾರ್ಟಿ ಮಾಡಿ ವರ್ಷಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ಕೊನೆಗೆ ಇದು ನನ್ನ ವ್ಯಾಪ್ತಿ ಅಲ್ಲ ಅಂತ ಹೇಳಿ ಕಳಿಸಿದರು.

ನೀವೇ ಸಂಘದ ಮೇಲೆ ಸಿವಿಲ್ ದಾವೆ ಹಾಕುವುದಾದರೆ 125ನೇ ಕಲಂ ಪ್ರಕಾರ ನಿಬಂಧಕರಿಗೆ ಎರಡು ತಿಂಗಳ ನೋಟಿಸ್ ಮೊದಲು ಕೊಡಬೇಕಾಗುತ್ತದೆ. ಅದನ್ನು ಬಿಟ್ಟು ಹೋದರೆ ಆ ಒಂದೇ ಕಾರಣಕ್ಕೆ ದಾವೆ ಬೀಳಬಹುದು.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಆ ಮಾರ್ಚ್ ತಿಂಗಳ ಪತ್ರ. ಕರಾರಿನ ಪ್ರಕಾರ ಕ್ರಯ ಮಾಡಿಕೊಡಿ ಅಂತ ಕೇಳುವ ದಾವೆಗೆ ಕಾಲಮಿತಿ ಮೂರು ವರ್ಷ. ಕರಾರಿನಲ್ಲಿ ಕ್ರಯಕ್ಕೆ ಒಂದು ದಿನಾಂಕ ಗೊತ್ತು ಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಎದುರು ಪಾರ್ಟಿ ಆಗುವುದಿಲ್ಲ ಅಂದದ್ದು ಗೊತ್ತಾದ ದಿನದಿಂದ ಅದು ಓಡುತ್ತದೆ. ಡೆವಲಪರ್ ಬರೆದು ಆಗುವುದಿಲ್ಲ ಅಂದಿದ್ದಾರೆ. ಅಂದರೆ ಗಡಿಯಾರ ಆಗಲೇ ಶುರುವಾಗಿದೆ. ನಿಮ್ಮ ಆಡಳಿತ ಮಂಡಳಿ ಮಾತುಕತೆ ಅಂತ ಒಂದು ವರ್ಷ ಕಳೆದಿದೆ. ಮಾತುಕತೆ ನಡೆಯುತ್ತಿತ್ತು ಅಂದ ಮಾತ್ರಕ್ಕೆ ಕಾಲಮಿತಿ ನಿಲ್ಲುವುದಿಲ್ಲ. 2008ರ ಕರಾರಿನಲ್ಲಿ ಏನಾದರೂ ಗಡುವಿನ ದಿನಾಂಕ ಇದೆಯಾ ಅಂತ ಇವತ್ತೇ ನೋಡಿ.

ಕರಾರು ಎಂಥ ಛಾಪಾ ಕಾಗದದಲ್ಲಿದೆ ಅಂತಲೂ ನೋಡಿ. ಮುದ್ರಾಂಕ ಶುಲ್ಕ ಕಡಿಮೆ ಕಟ್ಟಿದ್ದರೆ ಕೋರ್ಟಿನಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡು, ಕಡಿಮೆ ಬಿದ್ದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿ ಅನ್ನುತ್ತಾರೆ. ಜಮೀನಿನ ಸ್ವಾಧೀನ ಕೊಟ್ಟಿದ್ದೇವೆ ಅಂತ ಕರಾರಿನಲ್ಲಿ ಬರೆದಿದ್ದರೆ ಕ್ರಯಪತ್ರದಷ್ಟೇ ಶುಲ್ಕ. ಕೋಟಿಗಟ್ಟಲೆ ಕರಾರನ್ನು ಇನ್ನೂರು ರೂಪಾಯಿ ಕಾಗದದಲ್ಲಿ ಬರೆದುಕೊಂಡ ಸಂಘಗಳಿಗೆ ಇಲ್ಲೇ ಮೊದಲ ಪೆಟ್ಟು ಬೀಳುವುದು. ದಾವೆ ಹಾಕುವ ಮೊದಲೇ ಅದಕ್ಕೆ ಹಣ ತೆಗೆದಿಡಬೇಕು.

ಬಿಲ್ಡರ್ ಆಫೀಸ್ ಅನುಭವ:

ನಾನು ಡೆವಲಪರ್‌ಗಳ ಕಡೆ ಲೆಕ್ಕಪತ್ರ ನೋಡುತ್ತಿದ್ದವನು. ಎಲ್ಲರೂ ಡೆವಲಪರ್ ಕಳ್ಳ ಅಂತಲೇ ಶುರು ಮಾಡುತ್ತಾರೆ, ಕೆಲವು ಕಡೆ ಅದು ನಿಜವೂ ಹೌದು. ಆದರೆ ಇನ್ನೊಂದು ಕಡೆಯನ್ನೂ ನೋಡಿ.

ತುಂಬಾ ಸಂಘಗಳು ಸದಸ್ಯರಿಂದ ಕಂತು ಕಂತಾಗಿ ಹಣ ತೆಗೆದುಕೊಂಡು ಡೆವಲಪರ್‌ಗೆ ತಡವಾಗಿ ಕೊಡುತ್ತವೆ. ಕರಾರು ಆದಾಗ ಎಕರೆಗೆ ಒಂದು ಬೆಲೆ, ನಾಲ್ಕು ವರ್ಷದ ನಂತರ ರೈತರು ಕೇಳುವುದು ಅದರ ಮೂರು ಪಟ್ಟು. ಆಗ ಡೆವಲಪರ್ ಸಂಘದ ಹತ್ತಿರ ಹೆಚ್ಚಿಗೆ ಕೇಳುತ್ತಾರೆ, ಸಂಘದವರು ಮಹಾಸಭೆಯಲ್ಲಿ ಸದಸ್ಯರಿಗೆ ಹೇಳಲು ಹೆದರಿ ಸುಮ್ನೆ ಇದ್ದುಬಿಡುತ್ತಾರೆ. ಇತ್ತ ಹೊಸ ಸದಸ್ಯರಿಗೆ ಹಂಚಿಕೆ ಪತ್ರ ಕೊಡುವುದು ಮಾತ್ರ ನಿಲ್ಲುವುದಿಲ್ಲ.

ಕೋರ್ಟಿನಲ್ಲಿ ಕ್ರಯ ಮಾಡಿಕೊಡಿ ಅಂತ ಕೇಳುವವರು, ನಮ್ಮ ಕಡೆಯ ಕರಾರನ್ನು ನಡೆಸಲು ಮೊದಲಿನಿಂದಲೂ ಸಿದ್ಧರಾಗಿದ್ದೆವು ಅಂತ ತೋರಿಸಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಂ ಅದು. ಬಾಯಲ್ಲಿ ಸಿದ್ಧ ಅಂದರೆ ಸಾಲದು, ಹಣ ಇತ್ತು ಅಂತ ಬ್ಯಾಂಕ್ ಪಾಸ್‌ಬುಕ್ ತೋರಿಸಬೇಕು. ಸದಸ್ಯರು ಪೂರ್ತಿ ಹಣ ಕಟ್ಟಿದ್ದಾರೆ, ಆದರೆ ಸಂಘ ಪೂರ್ತಿ ಕೊಟ್ಟಿಲ್ಲ ಅಂತಾದರೆ, ಆ ಹಣ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಡೆವಲಪರ್‌ಗೆ ಅಲ್ಲ, ನಿಮ್ಮ ಆಡಳಿತ ಮಂಡಳಿಗೆ. ಒಂದು ವರ್ಷ ಕಳೆದರೂ ಅವರು ಕೋರ್ಟಿಗೆ ಯಾಕೆ ಹೋಗಿಲ್ಲ ಅನ್ನುವುದಕ್ಕೆ ಇದೂ ಕಾರಣ ಇರಬಹುದು. ಕೋರ್ಟಿಗೆ ಹೋದರೆ ಲೆಕ್ಕ ಹೊರಗೆ ಬರುತ್ತದೆ.

ಹಳೇ ಕಾರ್ಯದರ್ಶಿ:

ಇವರು ಹೇಳಿದ್ದು ಸರಿ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಂ ಪ್ರಕಾರ ನಿಬಂಧಕರು ಸಂಘದ ವ್ಯವಹಾರದ ವಿಚಾರಣೆ ಮಾಡಿಸಬಹುದು, ಸದಸ್ಯರು ಒಟ್ಟಾಗಿ ಅರ್ಜಿ ಕೊಟ್ಟು ಕೇಳಬಹುದು. ಹಣ ಪೋಲಾಗಿದೆ ಅಂತ ಸಾಬೀತಾದರೆ 69ರಲ್ಲಿ ಪದಾಧಿಕಾರಿಗಳಿಂದಲೇ ವಸೂಲಿಗೆ ಆದೇಶ ಆಗುತ್ತದೆ. ಆದರೆ ವಿಚಾರಣೆ ನಿಧಾನ. ಅದನ್ನು ಮಾಡಿಸಿ, ಅದಕ್ಕಾಗಿ ಕಾಯುತ್ತಾ ಕೂರಬೇಡಿ.

31 ಎಕರೆಯಲ್ಲಿ ಮನೆ ಕಟ್ಟಿದವರನ್ನೂ ಜೊತೆಗೆ ಸೇರಿಸಿಕೊಳ್ಳಿ. ತಮ್ಮ ಸೈಟ್ ಆಯಿತು, ನಮಗೇನು ಅಂತ ಅವರು ಅಂದುಕೊಂಡಿರುತ್ತಾರೆ. ಪ್ಲಾನ್ ಪಾಸಾಗಿರುವುದು 42 ಎಕರೆಗೆ ಒಂದೇ ಲೇಔಟ್ ಅಂತಾದರೆ, ಅವರ ಪಾರ್ಕು, ಸಿಎ ಜಾಗ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ಕೊಳಚೆ ನೀರಿನ ಘಟಕ, ಇನ್ನೊಂದು ಕಡೆಯ ರಸ್ತೆ ಆ 11 ಎಕರೆಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಮಂಜೂರಾದ ನಕ್ಷೆ ತೆಗೆದು ಅವರಿಗೆ ತೋರಿಸಿ. ಮಹಾಸಭೆಯಲ್ಲಿ ಕೈ ಎತ್ತುವ ಸಂಖ್ಯೆ ಅವರದ್ದೇ.

ಆನೇಕಲ್ ಸದಸ್ಯೆ:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ನಾನು ಮತ್ತು ಇನ್ನಿಬ್ಬರು ಸದಸ್ಯರ ಮಕ್ಕಳು ಸೇರಿ ಇಸಿ, ಪಹಣಿ ಎಲ್ಲ ತೆಗೆದೆವು. ಸುಮಾರು ಹೀಗಿದೆ.

3 ಎಕರೆ ಇನ್ನೂ ರೈತರ ಹೆಸರಲ್ಲೇ ಇದೆ, ಕನ್ವರ್ಶನ್ ಆಗಿದೆ. ಅದರಲ್ಲಿ ಒಂದು ಕುಟುಂಬದ ಯಜಮಾನರು ತೀರಿಹೋಗಿದ್ದಾರೆ, ಅವರ ಹೆಣ್ಣುಮಕ್ಕಳು ಪಾಲಿಗೆ ದಾವೆ ಹಾಕಿದ್ದಾರೆ. 6 ಎಕರೆ ಡೆವಲಪರ್ ಕಂಪನಿ ಹೆಸರಿಗೆ 2014ರಲ್ಲಿ ಕ್ರಯ ಆಗಿದೆ, ಮಾರಿದವರು ಅದೇ ರೈತರು. ಇನ್ನು 2 ಎಕರೆ ಕೂಡ ಕಂಪನಿ ಹೆಸರಲ್ಲೇ ಇದ್ದು, ಅದರ ಮೇಲೆ ಬ್ಯಾಂಕ್ ಸಾಲದ ಎಂಟ್ರಿ ಇದೆ. ನಕ್ಷೆಯಲ್ಲಿ 42 ಎಕರೆಯೂ ಒಂದೇ ಲೇಔಟ್, ದೊಡ್ಡ ಪಾರ್ಕ್ 6 ಎಕರೆ ಕಡೆ ಇದೆ. 2008ರ ಕರಾರಿನಲ್ಲಿ ಗಡುವಿನ ದಿನಾಂಕ ಇಲ್ಲ, ಕನ್ವರ್ಶನ್ ಆದ ಮೇಲೆ ಹಂತ ಹಂತವಾಗಿ ಅಂತ ಅಷ್ಟೇ ಇದೆ. ಆರ್ಬಿಟ್ರೇಶನ್ ಕಲಂ ಇದೆ.

ಹೆಣ್ಣುಮಕ್ಕಳ ದಾವೆಯಿಂದ ನಮಗೆ ತೊಂದರೆನಾ?

ವಕೀಲಿ ವೃತ್ತಿ:

ಚೆನ್ನಾಗಿ ಮಾಡಿದ್ದೀರಿ. ಒಂದೊಂದಾಗಿ ನೋಡೋಣ.

ಮೊದಲು 3 ಎಕರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಬೇಕಿತ್ತು ಅಂತೇನೂ ಇಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ಮಾರಾಟ, ವಿಭಾಗಕ್ಕೆ ರಕ್ಷಣೆ ಇದೆ. ನಿಮ್ಮದು 2008ರ ನಂತರದ್ದು, ಆ ರಕ್ಷಣೆ ಸಿಗುವುದಿಲ್ಲ. ಜೊತೆಗೆ ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದು ಅಲ್ಲಿಗೆ ಮುಗಿಯುತ್ತದೆ. ಜಿಪಿಎ ಪಡೆದವರಿಗೇ ಆ ಆಸ್ತಿಯಲ್ಲಿ ಹಿತಾಸಕ್ತಿ ಇದ್ದರೆ ಮಾತ್ರ ಬೇರೆ ಮಾತು, ಅದನ್ನು ಕೋರ್ಟಿನಲ್ಲಿ ತೋರಿಸಬೇಕು. ಹಾಗಾಗಿ ಈ 3 ಎಕರೆಯಲ್ಲಿ ಡೆವಲಪರ್ ಕೂಡ ಗಟ್ಟಿಯಾಗಿಲ್ಲ. ನಮ್ಮ ಸ್ವಂತ ಆಸ್ತಿ ಅನ್ನುವ ಅವರ ಮಾತು ಇಲ್ಲಿ ನಿಲ್ಲುವುದೇ ಇಲ್ಲ. ಸಂಘ ಆ ದಾವೆಯಲ್ಲಿ ಪಾರ್ಟಿಯಾಗಿ ಸೇರಬೇಕು. ಆ ಹೆಣ್ಣುಮಕ್ಕಳನ್ನು ಶತ್ರು ಅಂತ ನೋಡಬೇಡಿ. ಅವರು ತಮ್ಮ ಪಾಲು ಕೇಳುತ್ತಿದ್ದಾರೆ, ಅದು ನ್ಯಾಯವಾಗಿಯೇ ಅವರದ್ದು. ಸಂಘ ಅವರಿಗೆ ನೇರವಾಗಿ ಬೆಲೆ ಕೊಟ್ಟು ಎಲ್ಲರ ಸಹಿ ಹಾಕಿಸಿ ಕ್ರಯ ಮಾಡಿಸಿಕೊಂಡರೆ ಡೆವಲಪರ್ ಮಧ್ಯೆ ಬರುವುದೇ ತಪ್ಪುತ್ತದೆ. ಈ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ಮಾತ್ರ ತಪ್ಪದೆ ನೋಡಿ. ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ (ಅಂಥ ಜಮೀನಿನ ಮಾರಾಟಕ್ಕೆ ತಡೆ ಹಾಕುವ ಕಾಯ್ದೆ) ಬರುತ್ತದೆ. 2023ರ ತಿದ್ದುಪಡಿಯ ನಂತರ ಅದರಲ್ಲಿ ಅರ್ಜಿ ಹಾಕಲು ಕಾಲಮಿತಿ ಇಲ್ಲ.

6 ಎಕರೆ ನಿಮ್ಮ ಮುಖ್ಯ ಜಗಳ. 2008ರಲ್ಲಿ ನಿಮಗೆ ಕೊಡುತ್ತೇನೆ ಅಂತ ಕರಾರು ಮಾಡಿದವರು 2014ರಲ್ಲಿ ಅದೇ ಜಮೀನನ್ನು ತಮ್ಮ ಹೆಸರಿಗೆ ಮಾಡಿಕೊಂಡಿದ್ದಾರೆ. ಕಾಗದದಲ್ಲಿ ಇವತ್ತು ಮಾಲೀಕರು ಅವರೇ. ಆದರೆ ಕರಾರಿನಿಂದ ಅವರು ಬಿಡಿಸಿಕೊಂಡಿಲ್ಲ, ತಮ್ಮ ಹೆಸರಿಗೆ ಬಂದಿದ್ದರಿಂದ ಈಗ ಅವರಿಂದಲೇ ನೇರವಾಗಿ ಕ್ರಯ ಕೇಳಬಹುದು. ಆರ್ಬಿಟ್ರೇಶನ್ ಕಲಂ ಇದೆ ಅಂದಿರಿ. ಹಾಗಾದರೆ ಸಂಘ 1996ರ ಆರ್ಬಿಟ್ರೇಶನ್ ಕಾಯ್ದೆಯ 9ನೇ ಕಲಂನಲ್ಲಿ ಕೋರ್ಟಿಗೆ ಹೋಗಿ, ಜಮೀನು ಮಾರಬಾರದು, ಅಡವಿಡಬಾರದು, ಕಟ್ಟಡ ಕಟ್ಟಬಾರದು ಅಂತ ತಡೆಯಾಜ್ಞೆ ಮೊದಲು ತರಬೇಕು. ಅಡಿಪಾಯ ಎದ್ದ ಮೇಲೆ, ಮೂರನೆಯವರು ಫ್ಲಾಟ್ ಬುಕ್ ಮಾಡಿದ ಮೇಲೆ ಹೋದರೆ ನ್ಯಾಯಾಧೀಶರು ಅವರ ಕಷ್ಟವನ್ನೂ ನೋಡಬೇಕಾಗುತ್ತದೆ. ಪ್ರಕರಣ ನಡೆಯುತ್ತಿರುವಾಗ ಕೊಂಡವರು ತೀರ್ಪಿಗೆ ಬದ್ಧರು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಇದೆ, ಆದರೆ ಅದನ್ನೇ ನಂಬಿ ತಡೆಯಾಜ್ಞೆ ಬಿಡಬೇಡಿ.

2 ಎಕರೆ ವಿಷಯದಲ್ಲಿ ಬ್ಯಾಂಕಿಗೆ ಈಗಲೇ ಸಂಘದ ಲೆಟರ್‌ಹೆಡ್‌ನಲ್ಲಿ ನೋಟಿಸ್ ಕೊಡಿ. ಈ ಜಮೀನು ಮಂಜೂರಾದ ಲೇಔಟ್‌ನ ಭಾಗ, 2008ರಿಂದ ಕರಾರು ಇದೆ ಅಂತ. ಸಾಲ ಕಟ್ಟದೆ ಬ್ಯಾಂಕ್ ಸರ್ಫೇಸಿ ಕಾಯ್ದೆಯಲ್ಲಿ (ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ನೇರವಾಗಿ ವಶಕ್ಕೆ ಪಡೆಯುವ ಕಾಯ್ದೆ) ಸ್ವಾಧೀನಕ್ಕೆ ಬಂದರೆ, ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು ಇರುವುದು 45 ದಿನ ಅಷ್ಟೇ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತು ಪ್ರಾಧಿಕಾರ) ಬಗ್ಗೆ ಯಾರೂ ಹೇಳಿಲ್ಲ. 2017ರ ಮೇ 1ಕ್ಕೆ ಪೂರ್ತಿ ಆಗಿರದ ಯೋಜನೆಗಳೂ ನೋಂದಣಿ ಆಗಬೇಕಿತ್ತು. ನಿಮ್ಮ ಲೇಔಟ್ ನೋಂದಣಿ ಆಗಿದೆಯಾ ಅಂತ ವೆಬ್‌ಸೈಟ್‌ನಲ್ಲಿ ನೋಡಿ. ಲೇಔಟ್ ಮಾಡುವವರು ಒಬ್ಬರು, ಸೈಟ್ ಮಾರುವವರು ಇನ್ನೊಬ್ಬರು ಆಗಿದ್ದರೆ ಆ ಕಾಯ್ದೆಯಲ್ಲಿ ಇಬ್ಬರೂ ಪ್ರವರ್ತಕರು, ಇಬ್ಬರೂ ಜಂಟಿಯಾಗಿ ಹೊಣೆ. ಅಂದರೆ ಸಂಘ ಡೆವಲಪರ್ ಕಡೆ ಬೆರಳು ತೋರಿಸಿ, ಡೆವಲಪರ್ ಸಂಘದ ಕಡೆ ತೋರಿಸಿ ಸದಸ್ಯರನ್ನು ಮಧ್ಯೆ ನಿಲ್ಲಿಸಲು ಅಲ್ಲಿ ಆಗುವುದಿಲ್ಲ. ಹಂಚಿಕೆ ಪಡೆದವರಲ್ಲಿ ಮೂರನೇ ಎರಡು ಭಾಗದ ಜನ ಬರೆದು ಒಪ್ಪದೆ ಮಂಜೂರಾದ ನಕ್ಷೆ ಬದಲಿಸುವ ಹಾಗಿಲ್ಲ ಅಂತ 14ನೇ ಕಲಂ ಇದೆ. ಅಪಾರ್ಟ್‌ಮೆಂಟ್ ಬೋರ್ಡ್‌ಗೆ ಉತ್ತರ ಅಲ್ಲಿದೆ. ಜಮೀನಿನ ಟೈಟಲ್ ಸರಿ ಇಲ್ಲದೆ ನಷ್ಟ ಆದರೆ 18(2)ರಲ್ಲಿ ಪರಿಹಾರ ಕೇಳಬಹುದು, ಅದಕ್ಕೆ ಕಾಲಮಿತಿಯ ಅಡ್ಡಿ ಇಲ್ಲ. ಆದರೆ ಜಮೀನು ಯಾರದ್ದು ಅಂತ ರೇರಾ ತೀರ್ಮಾನ ಮಾಡುವುದಿಲ್ಲ.

ನಿವೃತ್ತ ನೌಕರ:

ನಮ್ಮ ಕಾಲದ ಒಂದು ವಿಷಯ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಂಘಗಳಿಗೆ ಸರ್ಕಾರವೇ ಭೂಸ್ವಾಧೀನ ಮಾಡಿಕೊಡುತ್ತಿತ್ತು. ಸಂಘಗಳು ಮಧ್ಯವರ್ತಿಗಳ ಜೊತೆ ಕರಾರು ಮಾಡಿಕೊಂಡು, ಎಕರೆಗೆ ಇಷ್ಟು ಅಂತ ಕೊಟ್ಟು ಅಧಿಸೂಚನೆ ಹೊರಡಿಸುತ್ತಿದ್ದವು. ಜಿ.ವಿ.ಕೆ. ರಾವ್ ಅವರ ವಿಚಾರಣಾ ವರದಿಯಲ್ಲಿ ಇದೆಲ್ಲ ಹೊರಗೆ ಬಂತು. 1995ರಲ್ಲಿ ಎಚ್ಎಂಟಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನವನ್ನೇ ರದ್ದು ಮಾಡಿ ಜಮೀನು ರೈತರಿಗೆ ವಾಪಸ್ ಕೊಡಿ ಅಂದಿತು. ರೈತರು ಪಡೆದ ಪರಿಹಾರದ ಹಣ ಹಿಂದಿರುಗಿಸಬೇಕು, ಅಷ್ಟೇ. 2012ರಲ್ಲಿ ಇನ್ನೊಂದು ಸಂಘದ ವಿಷಯದಲ್ಲೂ ಅದೇ ದಾರಿ ಹಿಡಿಯಿತು. ರೈತರ ಕಡೆಯಿಂದ ನೋಡಿದರೆ ನ್ಯಾಯವೇ. ಆದರೆ ಸಂಬಳದಲ್ಲಿ ಉಳಿಸಿ ಹಣ ಕಟ್ಟಿದ ಸಾಮಾನ್ಯ ಸದಸ್ಯರಿಗೆ ಆ ಕರಾರಿನಲ್ಲಿ ಏನು ಬರೆದಿತ್ತು ಅನ್ನುವುದೇ ಗೊತ್ತಿರಲಿಲ್ಲ.

ಈಗಲೂ ಹಾಗೇ ಆಗುತ್ತಿದೆ ಅಂತ ಸಂಕಟ ಆಗುತ್ತದೆ. ನಿಮ್ಮ ತಂದೆಯವರಿಗೆ 2008ರ ಕರಾರನ್ನು ಯಾರಾದರೂ ಯಾವಾಗಾದರೂ ತೋರಿಸಿದ್ದರಾ? ಸದಸ್ಯರು ಅದನ್ನು ಮಹಾಸಭೆಯಲ್ಲಿ ಓದಿಸಬೇಕು. ರಾಜಿ ಆಗುವುದಾದರೂ ಆಗಲಿ, ಎಷ್ಟೋ ಸಲ ಒಂದಿಷ್ಟು ಬಾಕಿ ಕೊಟ್ಟು ಜಮೀನು ತೆಗೆದುಕೊಳ್ಳುವುದೇ ಹದಿನೈದು ವರ್ಷದ ಕೇಸಿಗಿಂತ ಮೇಲು. ಆದರೆ ಅದು ನಾಲ್ಕು ಜನ ಕೂತು ಮಾಡುವ ರಾಜಿ ಆಗಬಾರದು. ಮಹಾಸಭೆಯಲ್ಲಿ ಠರಾವು ಆಗಬೇಕು, ಕೋರ್ಟಿನಲ್ಲಿ ರಾಜಿ ಡಿಕ್ರಿ ಆಗಬೇಕು, ಯಾವ ಸರ್ವೆ ನಂಬರ್ ಯಾವ ದಿನದೊಳಗೆ ಅಂತ ಅದರಲ್ಲಿ ಇರಬೇಕು.

ಆನೇಕಲ್ ಸದಸ್ಯೆ:

ಇಲ್ಲ ಸರ್, ಯಾರಿಗೂ ತೋರಿಸಿರಲಿಲ್ಲ. ನಾವೇ ಉಪನಿಬಂಧಕರ ಆಫೀಸಿಗೆ ಬರೆದು ಪ್ರತಿ ತೆಗೆದುಕೊಂಡಿದ್ದು.

ಹಣ ವಾಪಸ್ ಪತ್ರದ ಬಗ್ಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ಸುಮಾರು 20 ಜನ ಆಗಲೇ ಸಹಿ ಹಾಕಿದ್ದಾರಂತೆ. ತಂದೆಗೂ ಒತ್ತಾಯ ಇದೆ.

ವಕೀಲಿ ವೃತ್ತಿ:

ಸಹಿ ಹಾಕಿಸಬೇಡಿ. ಅಂಥ ಪತ್ರದಲ್ಲಿ ಸಾಮಾನ್ಯವಾಗಿ, ನನ್ನ ಹಂಚಿಕೆ ರದ್ದು ಮಾಡಲು ಒಪ್ಪಿದ್ದೇನೆ, ಇನ್ನು ಯಾವ ಹಕ್ಕೂ ಇಲ್ಲ, ನಕ್ಷೆ ಬದಲಾವಣೆಗೆ ಅಭ್ಯಂತರ ಇಲ್ಲ ಅನ್ನುವ ಮೂರು ಸಾಲು ಇರುತ್ತದೆ. ಬಡ್ಡಿ ಕೊಡುತ್ತಿರುವುದು ಆ ಮೂರನೇ ಸಾಲಿಗೆ. ಹಂಚಿಕೆ ಪಡೆದವರು ಹೀಗೆ ಒಬ್ಬೊಬ್ಬರಾಗಿ ಕಡಿಮೆಯಾದರೆ ಮೂರನೇ ಎರಡು ಭಾಗದ ಒಪ್ಪಿಗೆ ಅವರಿಗೆ ಸುಲಭ ಆಗುತ್ತದೆ. ತೆಗೆದುಕೊಂಡವರನ್ನು ಬಯ್ಯಬೇಡಿ, ಅವರವರ ಅಗತ್ಯ ಅವರಿಗೆ. ಆದರೆ ಹಣ ಕಟ್ಟಿಸಿಕೊಂಡದ್ದು ಸಂಘ, ವಾಪಸ್ ಕೊಡುತ್ತಿರುವುದು ಡೆವಲಪರ್. ಇದು ಯಾವ ಲೆಕ್ಕ ಅಂತ ಆಡಳಿತ ಮಂಡಳಿಯನ್ನು ಬರೆದು ಕೇಳಿ, ಉತ್ತರ ಬರದಿದ್ದರೂ ಆ ಪತ್ರ ನಿಮ್ಮ ಕಡತದಲ್ಲಿರಲಿ.

ತಂದೆಯವರ ಹೆಸರಲ್ಲಿ ಸಂಘಕ್ಕೂ ಡೆವಲಪರ್‌ಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ. ನಾನು ಪೂರ್ತಿ ಹಣ ಕಟ್ಟಿದ್ದೇನೆ, ಹಂಚಿಕೆ ರದ್ದಿಗೆ ಒಪ್ಪಿಲ್ಲ, ಸೈಟ್ ರಿಜಿಸ್ಟರ್ ಮಾಡಿಕೊಡಿ ಅಂತ. ಉಳಿದ 110 ಜನರೂ ಅದೇ ವಾರ ಕಳಿಸಲಿ. ವಿಶೇಷ ಮಹಾಸಭೆ ಕರೆಯಲು ಅರ್ಜಿ ಕೊಡಿ, ವಿಷಯ ಒಂದೇ ಇರಲಿ: 9ನೇ ಕಲಂ ಅರ್ಜಿ ಹಾಕಲು ಅಧಿಕಾರ ಮತ್ತು ವಕೀಲರ ನೇಮಕ. ಆಡಳಿತ ಮಂಡಳಿ ಕರೆಯದಿದ್ದರೆ ಅದೇ ಅರ್ಜಿಯ ಪ್ರತಿ ಹಿಡಿದು ನಿಬಂಧಕರ ಹತ್ತಿರ ಹೋಗಿ.

ಆನೇಕಲ್ ಸದಸ್ಯೆ:

ಆಯ್ತು ಸರ್. ಪಾರ್ಕ್ ಎಲ್ಲಿದೆ ಅಂತ ನಕ್ಷೆ ತೋರಿಸಿದ ಮೇಲೆ ಮೊದಲ ಹಂತದವರೂ ಅರ್ಜಿಗೆ ಸಹಿ ಹಾಕಲು ಶುರು ಮಾಡಿದ್ದಾರೆ. ನೋಟಿಸ್ ನಮೂನೆ ಕನ್ನಡದಲ್ಲೇ ಬರೆದು ಎಲ್ಲರಿಗೂ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇವೆ. ಬ್ಯಾಂಕಿಗೆ ಕೊಡುವ ಪತ್ರಕ್ಕೆ ಸಂಘದ ಲೆಟರ್‌ಹೆಡ್ ಸಿಗದಿದ್ದರೆ ಸದಸ್ಯರೇ ಸಹಿ ಹಾಕಿ ಕೊಡಬಹುದಾ?

ವಕೀಲಿ ವೃತ್ತಿ:

ಕೊಡಬಹುದು. ಮಂಜೂರಾದ ನಕ್ಷೆ ಮತ್ತು 2008ರ ಕರಾರಿನ ಪ್ರತಿ ಜೊತೆಗೆ ಇಡಿ, ಬ್ಯಾಂಕಿನ ಸೀಲು ಹಾಕಿಸಿಕೊಳ್ಳದೆ ಬರಬೇಡಿ.